ಟ್ಯಾಂಕ್ ತುಂಬಿದರೆ ಕೂಗುವ ಡಬ್ಬಿ

ಬೆಳಗಿನ ಆರೂವರೆ ಹೊತ್ತಿಗೆ ಬೆಂಗಳೂರಿನ ಯಾವ ಬಡಾವಣೆಯಲ್ಲಿ ವಾಕಿಂಗ್ ಹೊರಟರೂ ಒಂದಲ್ಲ ಒಂದು ಮನೆಯ ತಾರಸಿಯಿಂದ ನೀರು ದಬದಬ ಸುರಿಯುತ್ತಿರುತ್ತದೆ. ಎದುರು ಮನೆಯವರು ರಂಗೋಲಿ ಬಿಟ್ಟು ಎದ್ದು, "ರೀ, ನಿಮ್ಮ ಟ್ಯಾಂಕ್ ತುಂಬಿ ಹರೀತಿದೆ, ಮೋಟರ್ ಆಫ್ ಮಾಡ್ರೀ" ಎಂದು ಕೂಗು ಹಾಕುತ್ತಾರೆ. ಒಳಗಿನಿಂದ ಚಪ್ಪಲಿ ಪಟಪಟ ಸದ್ದು, ಸ್ವಿಚ್ ಟಕ್ ಎಂದದ್ದು, "ನಿಮಗೆ ಹೇಳಿದ್ದೆ ತಾನೆ" ಎಂಬ ಮಾತು, ಇಷ್ಟೆಲ್ಲ ಕೇಳಿಸುತ್ತದೆ. ಇದೇ ಮನೆಯವರು ಏಪ್ರಿಲ್ ಬಂತೆಂದರೆ ಟ್ಯಾಂಕರಿನವನಿಗೆ ಫೋನ್ ಮಾಡಿ ಗೋಗರೆಯುತ್ತಾರೆ.

ಎದುರು ಮನೆಯವರ ಆ ಕೂಗನ್ನು ಒಂದು ಟ್ರಾನ್ಸಿಸ್ಟರ್, ಒಂದೆರಡು ರೆಸಿಸ್ಟರ್, ಒಂದು ಬಜರ್ ಮತ್ತು 9 ವೋಲ್ಟಿನ ಬ್ಯಾಟರಿಯಿಂದ ಹಾಕಿಸಬಹುದು. ಎಲೆಕ್ಟ್ರಾನಿಕ್ಸ್ ಕಲಿಯಬೇಕು, ಎಲ್ಲಿಂದ ಶುರು ಮಾಡಲಿ ಎಂದು ಕೇಳುವ ಪಿಯುಸಿ ಹುಡುಗಿಗೂ ನಿವೃತ್ತ ಹೆಡ್‌ಮಾಸ್ತರರಿಗೂ ನಾನು ಹೇಳುವುದು ಇದೊಂದನ್ನೇ. ಬಣ್ಣದ ಪೆಟ್ಟಿಗೆಯಲ್ಲಿ ಬರುವ 'ನೂರೊಂದು ಪ್ರಯೋಗ'ಗಳ ಕಿಟ್ ಬೇಡ. ಗೆರೆ ಹಿಡಿದು ಓಡುವ ರೋಬೋಟ್ ಸದ್ಯಕ್ಕೆ ಬೇಡ. ಕಿಟ್ಟಿನ ದೀಪ ಒಮ್ಮೆ ಮಿನುಗಿದರೆ ಅದರ ಕಥೆ ಮುಗಿಯಿತು, ಮರುದಿನ ಅದು ಅಟ್ಟ ಸೇರುತ್ತದೆ. ಮನೆಮಂದಿ ದಿನಾ ಬೈದಾಡುವ ತೊಂದರೆಗೆ ಮಾಡಿದ ಡಬ್ಬಿ ಹಾಗಲ್ಲ, ಕೆಲಸ ಮಾಡದಿದ್ದರೆ ಆ ಬೈಗುಳ ನಿಮಗೇ ಬರುತ್ತದೆ.

ಮಾಡುವ ಬಗೆ ನೋಡಿ. ಬಿಸಿ547 ಎಂಬ ಮೂರು ಕಾಲಿನ ಕರಿ ಟ್ರಾನ್ಸಿಸ್ಟರ್ ಒಂದೆರಡು ರೂಪಾಯಿಗೆ ಸಿಗುತ್ತದೆ. ಅದರ ಚಪ್ಪಟೆ ಮುಖ ನಮ್ಮ ಕಡೆಗಿದ್ದು ಕಾಲುಗಳು ಕೆಳಕ್ಕಿದ್ದರೆ ಎಡದಿಂದ ಬಲಕ್ಕೆ ಕಲೆಕ್ಟರ್, ಬೇಸ್, ಎಮಿಟರ್. ಎಮಿಟರನ್ನು ಬ್ಯಾಟರಿಯ ಮೈನಸ್ಸಿಗೆ ಸೇರಿಸಿ. ಬಜರಿನ ಕೆಂಪು ತಂತಿ ಬ್ಯಾಟರಿಯ ಪ್ಲಸ್ಸಿಗೆ, ಕರಿ ತಂತಿ ಕಲೆಕ್ಟರಿಗೆ. ಬೇಸಿಗೆ 1 ಕಿಲೋ ಓಮಿನ ರೆಸಿಸ್ಟರ್ ಹಾಕಿ, ಅದರ ಇನ್ನೊಂದು ತುದಿಯಿಂದ ಉದ್ದದ ವೈರನ್ನು ಟ್ಯಾಂಕಿಗೆ ಎಳೆಯಿರಿ. ಬ್ಯಾಟರಿಯ ಪ್ಲಸ್ಸಿನಿಂದ ಇನ್ನೊಂದು ವೈರ್ ಅದರ ಜೊತೆಯಲ್ಲೇ ಹೋಗಲಿ. ನೀರು ಎಲ್ಲಿಗೆ ಬಂದಾಗ ನಮಗೆ ಎಚ್ಚರವಾಗಬೇಕೋ ಆ ಮಟ್ಟದಲ್ಲಿ, ಬೆರಳಗಲ ಅಂತರದಲ್ಲಿ, ಎರಡು ವೈರಿನ ಬರಿ ತುದಿಗಳನ್ನು ಇಳಿಬಿಟ್ಟರೆ ಮುಗಿಯಿತು. ನೀರು ಮೇಲೇರಿ ಎರಡೂ ತುದಿಗಳನ್ನು ಮುಟ್ಟಿದೊಡನೆ ಅದರ ಮೂಲಕ ತುಸು ಕರೆಂಟು ಬೇಸಿಗೆ ಬರುತ್ತದೆ, ಬಜರ್ ಬಾಯಿಬಿಡುತ್ತದೆ.

ನೀರಿನಲ್ಲಿ ಬರುವ ಅಷ್ಟು ಸಣ್ಣ ಕರೆಂಟಿಗೆ ಬಜರ್ ನೇರವಾಗಿ ಕೂಗಲಾರದು. ನಡುವೆ ಟ್ರಾನ್ಸಿಸ್ಟರ್ ಇರುವುದು ಅದಕ್ಕೇ. ಕೆರೆಯ ತೂಬನ್ನು ಎತ್ತಲು ಒಬ್ಬ ನೀರುಗಂಟಿಯ ತೋಳು ಸಾಕು, ಹರಿಯುವುದು ಮಾತ್ರ ಕಾಲುವೆ ತುಂಬ ನೀರು. ಟ್ರಾನ್ಸಿಸ್ಟರಿನ ಬೇಸ್ ಆ ತೂಬು. ಬಜರಿಗೆ 20 ಮಿಲಿ ಆಂಪಿಯರ್ ಬೇಕು ಎನ್ನಿ. ನಿಮ್ಮ ಕೈಯಲ್ಲಿರುವ ಬಿಸಿ547 ಇನ್ನೂರು ಪಟ್ಟು ಹಿಗ್ಗಿಸುವಂಥದ್ದಾದರೆ ಬೇಸಿಗೆ 0.1 ಮಿಲಿ ಆಂಪಿಯರ್ ಸಾಕು. 9 ವೋಲ್ಟಿನಲ್ಲಿ ಬೇಸ್ ತನ್ನ ಪಾಲಿಗೆ 0.7 ವೋಲ್ಟ್ ಇಟ್ಟುಕೊಳ್ಳುತ್ತದೆ. ಉಳಿದ 8.3 ವೋಲ್ಟನ್ನು 0.1 ಮಿಲಿ ಆಂಪಿಯರಿನಿಂದ ಭಾಗಿಸಿದರೆ 83 ಕಿಲೋ ಓಮ್. ಎರಡು ತುದಿಗಳ ನಡುವಿನ ನೀರಿನ ತಡೆ ಇದಕ್ಕಿಂತ ಕಡಿಮೆಯಿದ್ದರೆ ಬಜರ್ ಗಂಟಲು ತೆರೆದು ಕೂಗುತ್ತದೆ. ಹೈಸ್ಕೂಲಿನಲ್ಲಿ ಉರುಹೊಡೆದ ಓಮನ ನಿಯಮಕ್ಕೆ ಮನೆಯ ಮಾಳಿಗೆಯ ಮೇಲೆ ಕೆಲಸ ಸಿಕ್ಕಿತಲ್ಲ!

ಇಲ್ಲಿಯವರೆಗಿನದು ಯಾವ ಪುಸ್ತಕದಲ್ಲಾದರೂ ಸಿಗುತ್ತದೆ. ಪುಸ್ತಕದಲ್ಲಿ ಸಿಗದಿರುವುದು ನಿಮ್ಮ ಮನೆಯ ನೀರು.

ಬೋರ್‌ವೆಲ್ ನೀರಿನಲ್ಲಿ ಲವಣ ಹೆಚ್ಚು, ಕರೆಂಟು ಸಲೀಸಾಗಿ ಹರಿಯುತ್ತದೆ. ಕೋಲಾರ, ಚಿಕ್ಕಬಳ್ಳಾಪುರದ ಕಡೆಯ ಗಡಸು ನೀರಿನಲ್ಲಿ ಈ ಅಲಾರಂ ಮೊದಲ ಏಟಿಗೇ ಕೂಗುತ್ತದೆ. ಆದರೆ ಕೆಲವು ತಿಂಗಳಲ್ಲಿ ತುದಿಗಳಿಗೆ ಬಿಳಿ ಪೊರೆ ಕಟ್ಟುತ್ತದೆ, ಉಜ್ಜಿ ತೆಗೆಯಬೇಕು. ಮಳೆನೀರಿನ ಕಥೆ ಇದರ ತಿರುಗುಮುರುಗು. 2009ರಿಂದ ಬೆಂಗಳೂರಿನಲ್ಲಿ ದೊಡ್ಡ ನಿವೇಶನದ ಮನೆಗಳಿಗೆ ಮಳೆನೀರು ಸಂಗ್ರಹ ಕಡ್ಡಾಯವಾಗಿದೆ. ತಾರಸಿಯಿಂದ ಇಳಿದ ಆ ನೀರಿನಲ್ಲಿ ಲವಣ ಕಡಿಮೆ. ಅಲ್ಲಿ ಇದೇ ಸರ್ಕ್ಯೂಟ್ ಹಾಕಿದರೆ ಬಜರ್ ನರಳಿದಂತೆ ಸಣ್ಣಗೆ ಸದ್ದು ಮಾಡೀತು, ಇಲ್ಲವೇ ಸುಮ್ಮನೆ ಕೂತೀತು. ಮದ್ದು ಇದೆ: ಇನ್ನೊಂದು ಬಿಸಿ547 ತಂದು, ಮೊದಲನೆಯದರ ಎಮಿಟರನ್ನು ಎರಡನೆಯದರ ಬೇಸಿಗೆ ಜೋಡಿಸಿ, ಎರಡರ ಕಲೆಕ್ಟರುಗಳನ್ನೂ ಒಟ್ಟು ಮಾಡುವುದು. ಇನ್ನೂರನ್ನು ಇನ್ನೂರರಿಂದ ಗುಣಿಸಿದರೆ ನಲವತ್ತು ಸಾವಿರ ಪಟ್ಟು. ಇದಕ್ಕೆ ಡಾರ್ಲಿಂಗ್‌ಟನ್ ಜೋಡಿ ಎನ್ನುತ್ತಾರೆ. ಇದು ಎಷ್ಟು ಸೂಕ್ಷ್ಮ ಎಂದರೆ ಒದ್ದೆ ಬೆರಳಿನಿಂದ ಎರಡು ತುದಿ ಮುಟ್ಟಿದರೂ ಕೂಗುತ್ತದೆ.

ಸೂಕ್ಷ್ಮವಾದರೆ ಅದಕ್ಕೆ ತಕ್ಕ ತಲೆನೋವೂ ಉಂಟು. ಚಳಿಗಾಲದ ಬೆಳಗಿನ ಜಾವ ಟ್ಯಾಂಕಿನ ಮುಚ್ಚಳದ ಒಳಗೆ ಹಬೆ ಕೂತು ಹನಿಯಾಗಿ ವೈರಿನ ಮೇಲೆ ಇಳಿಯುತ್ತದೆ. ಟ್ಯಾಂಕ್ ಅರ್ಧ ಖಾಲಿಯಿದ್ದರೂ ಬಜರ್ ಕಿರುಚಿ ಮನೆಯವರನ್ನೆಲ್ಲ ಎಬ್ಬಿಸುತ್ತದೆ. ಒಂದೇ ಟ್ರಾನ್ಸಿಸ್ಟರಿನ ಸರ್ಕ್ಯೂಟಾದರೆ ಬೇಸಿಗೂ ಎಮಿಟರಿಗೂ ನಡುವೆ 100 ಕಿಲೋ ಓಮಿನ ರೆಸಿಸ್ಟರ್ ಹಾಕಿ, ಸೋರಿ ಬರುವ ಅಲ್ಪಸ್ವಲ್ಪ ಕರೆಂಟು ಅತ್ತ ಹರಿದುಹೋಗುತ್ತದೆ. ಎರಡು ತುದಿಗಳನ್ನು ಬೇರೆ ಬೇರೆ ಪಿವಿಸಿ ಪೈಪಿನ ತುಂಡಿನೊಳಗೆ ಇಳಿಸಿದರೆ ಇನ್ನೂ ಒಳ್ಳೆಯದು.

ತುದಿಗೆ ತಾಮ್ರದ ತಂತಿ ಹಾಕಿದವರು ವರ್ಷದೊಳಗೆ ಇನ್ನೊಂದನ್ನು ಕಾಣುತ್ತಾರೆ. ಪ್ಲಸ್ ಕಡೆಯ ತಂತಿ ಹಸಿರುಗಟ್ಟಿ ಕರಗತೊಡಗುತ್ತದೆ. ನೀರಿನಲ್ಲಿ ಒಂದೇ ದಿಕ್ಕಿನ ಕರೆಂಟು ಹರಿದರೆ ಪ್ಲಸ್ ತುದಿಯ ಲೋಹ ಅಣು ಅಣುವಾಗಿ ನೀರು ಸೇರುತ್ತದೆ. ಕುಡಿಯುವ ನೀರಿನ ಟ್ಯಾಂಕಿಗೆ ಇದು ಹೇಳಿಸಿದ್ದಲ್ಲ. ಸ್ಟೀಲಿನ ತುಣುಕು ಹಾಕಬಹುದು. ಹಳಬರು ಖರ್ಚಾದ ಟಾರ್ಚ್ ಸೆಲ್ ಒಡೆದು ನಡುವಿನ ಕರಿ ಕಡ್ಡಿಯನ್ನು ತೆಗೆದಿಟ್ಟುಕೊಳ್ಳುತ್ತಿದ್ದರು. ಅದು ಇಂಗಾಲ, ತುಕ್ಕು ಹಿಡಿಯುವುದಿಲ್ಲ. ಸುತ್ತಲಿನ ಕರಿ ಪುಡಿಯನ್ನು ಚೆನ್ನಾಗಿ ತೊಳೆದು ಬಳಸಿದರೆ ಅದಕ್ಕಿಂತ ಅಗ್ಗದ, ಬಾಳಿಕೆ ಬರುವ ತುದಿ ಇನ್ನೊಂದಿಲ್ಲ. ಪೆನ್ಸಿಲ್ ಸೆಲ್ಲಿನ ಕಡ್ಡಿಯೂ ಆದೀತು, ಆದರೆ ಆಲ್ಕಲೈನ್ ಎಂದು ಬರೆದಿರುವ ಸೆಲ್ಲನ್ನು ಒಡೆಯಬೇಡಿ. ಅದರಲ್ಲಿ ಕಡ್ಡಿಯೂ ಇಲ್ಲ, ಒಳಗಿನ ಕ್ಷಾರ ಕೈ ಸುಡುತ್ತದೆ.

ಸಾಮಾನು ಎಲ್ಲಿ ಸಿಗುತ್ತದೆ? ಬೆಂಗಳೂರಿನವರಿಗೆ ಎಸ್‌ಪಿ ರೋಡ್. ಮುಂಬೈಯವರಿಗೆ ಲ್ಯಾಮಿಂಗ್ಟನ್ ರೋಡ್, ಚೆನ್ನೈಯವರಿಗೆ ರಿಚಿ ಸ್ಟ್ರೀಟ್, ದೆಹಲಿಯವರಿಗೆ ಲಜಪತ್ ರಾಯ್ ಮಾರ್ಕೆಟ್ ಹೇಗೋ ಹಾಗೆ. ಟೌನ್‌ಹಾಲ್ ಹತ್ತಿರ ಇಳಿದು ನಡೆದರೆ ಸಿಸಿಟಿವಿ, ಲ್ಯಾಪ್‌ಟಾಪ್ ಚಾರ್ಜರುಗಳ ಅಂಗಡಿಗಳ ನಡುವೆ, ಗೋಡೆ ತುಂಬ ಸಣ್ಣ ಸಣ್ಣ ಪ್ಲಾಸ್ಟಿಕ್ ಡ್ರಾಯರುಗಳಿರುವ ಮಳಿಗೆಗಳು ಕಾಣುತ್ತವೆ. ಕೌಂಟರಿನ ಮಾತು ಹೀಗಿರುತ್ತದೆ:

"ಅಣ್ಣಾ, ಬಿಸಿ ಫೈವ್ ಫೋರ್ ಸೆವೆನ್ ಇದೆಯಾ?"

"ಇದೆ. ಎಷ್ಟು?"

"ಒಂದು."

"ಒಂದಕ್ಕೆ ಏನಂತ ತಗೊಳ್ಳಲಮ್ಮ? ಹತ್ತು ಕೊಡ್ತೀನಿ, ತಗೊಂಡು ಹೋಗು."

ಅವನ ಮಾತು ಕೇಳುವುದೇ ಮೇಲು. ಹತ್ತರಲ್ಲಿ ಎರಡು ಸುಟ್ಟುಹೋಗುತ್ತವೆ, ಒಂದರ ಕಾಲು ಮುರಿಯುತ್ತದೆ, ಒಂದು ಮಂಚದ ಕೆಳಗೆ ಉರುಳಿ ಪತ್ತೆಯಿಲ್ಲದಾಗುತ್ತದೆ. ರೆಸಿಸ್ಟರುಗಳನ್ನೂ ಹಾಗೆಯೇ, 470 ಓಮ್, 1 ಕಿಲೋ, 10 ಕಿಲೋ, 100 ಕಿಲೋ, ಹತ್ತತ್ತು. ಬೆಸುಗೆಯಿಲ್ಲದೆ ಜೋಡಿಸಿ ನೋಡುವ ಬ್ರೆಡ್‌ಬೋರ್ಡ್ ಒಂದು, ಹಳದಿ ಬಣ್ಣದ ಅಗ್ಗದ ಮಲ್ಟಿಮೀಟರ್ ಒಂದು. ಈ ಮಲ್ಟಿಮೀಟರ್ ಮನೆಯಲ್ಲಿದ್ದರೆ ಎಲೆಕ್ಟ್ರಾನಿಕ್ಸ್ ಕಲಿಯದವರಿಗೂ ಉಪಯೋಗ, ರಿಮೋಟಿನ ಸೆಲ್ ಹೋಗಿದೆಯೋ ರಿಮೋಟೇ ಹೋಗಿದೆಯೋ ಎಂಬ ಜಗಳ ಅರ್ಧ ನಿಮಿಷದಲ್ಲಿ ಬಗೆಹರಿಯುತ್ತದೆ. ಒಂದು ಎಚ್ಚರ ಮಾತ್ರ ಇರಲಿ: ಯಾವ ಊರಿನ ಮಾರುಕಟ್ಟೆಯಲ್ಲೂ ಹಳೆಯ ಗುರುತು ಉಜ್ಜಿ ಹೊಸ ನಂಬರು ಅಚ್ಚು ಹಾಕಿದ ಐಸಿಗಳು ಸೇರಿಕೊಂಡಿರುತ್ತವೆ. ದುಬಾರಿ ಐಸಿ ತೀರಾ ಅಗ್ಗಕ್ಕೆ ಸಿಕ್ಕರೆ ಹಿಗ್ಗಬೇಡಿ. ಹಾಗೆಯೇ, ಬಿಸಿ547 ಇಲ್ಲ, 2ಎನ್2222 ಕೊಡಲಾ ಎಂದರೆ ತೆಗೆದುಕೊಳ್ಳಬಹುದು, ಕೆಲಸ ಅದೇ. ಆದರೆ ಪ್ಲಾಸ್ಟಿಕ್ ಮೈಯ 2222ರಲ್ಲಿ ಸಾಮಾನ್ಯವಾಗಿ ಕಾಲುಗಳ ಸಾಲು ತಲೆಕೆಳಗು: ಎಡದಿಂದ ಎಮಿಟರ್, ಬೇಸ್, ಕಲೆಕ್ಟರ್.

ರೆಸಿಸ್ಟರಿನ ಮೈಮೇಲೆ ಅಂಕಿ ಇರುವುದಿಲ್ಲ, ಬಣ್ಣದ ಪಟ್ಟಿಗಳಿರುತ್ತವೆ. ಕಂದು, ಕಪ್ಪು, ಕೆಂಪು ಎಂದರೆ 1 ಕಿಲೋ ಓಮ್. ಹಳದಿ, ನೇರಳೆ, ಕಂದು ಎಂದರೆ 470. ನಮ್ಮ ಪಾಲಿಟೆಕ್ನಿಕ್‌ಗಳಲ್ಲಿ ಈ ಬಣ್ಣಗಳ ಸಾಲನ್ನು ನೆನಪಿಡಲು ತಲೆಮಾರುಗಳಿಂದ ಹೇಳಿಕೊಂಡು ಬಂದಿರುವುದು ಗ್ರೇಟ್ ಬ್ರಿಟನ್ನಿನ ಬಿ.ಬಿ. ರಾಯ್ ಮತ್ತು ಅವನ ಗುಣವಂತೆ ಹೆಂಡತಿಯ ಇಂಗ್ಲಿಷ್ ವಾಕ್ಯ. ಆ ರಾಯ್ ದಂಪತಿಗಳು ಯಾರೋ, ನಮ್ಮ ಡಿಪ್ಲೊಮಾ ಹುಡುಗರನ್ನು ಪಾಸು ಮಾಡಿಸಿದ ಪುಣ್ಯ ಅವರಿಗೆ ಸಲ್ಲಬೇಕು.

ಬ್ರೆಡ್‌ಬೋರ್ಡಿನ ಮೇಲೆ ಕೆಲಸ ಮಾಡಿದ ಸರ್ಕ್ಯೂಟನ್ನು ಟ್ಯಾಂಕಿನ ಕೆಲಸಕ್ಕೆ ಹಚ್ಚಬೇಕಾದರೆ ಬೆಸುಗೆ ಹಾಕಲೇಬೇಕು. 25 ವ್ಯಾಟಿನ ಸೋಲ್ಡರಿಂಗ್ ಐರನ್, ಒಂದು ಸುರುಳಿ ಸೋಲ್ಡರ್, ಪುಟ್ಟ ಡಬ್ಬಿಯಲ್ಲಿ ಬರುವ ಫ್ಲಕ್ಸ್, ಇಷ್ಟು ಸಾಕು. ಎಲ್ಲರೂ ಮೊದಲು ಮಾಡುವುದು ಐರನ್ನಿನ ಮೂತಿಗೆ ಸೋಲ್ಡರ್ ಅಂಟಿಸಿಕೊಂಡು ಬಂದು ಜಾಗಕ್ಕೆ ಮೆತ್ತುವುದು. ಅದು ಹಿಡಿಯುವುದಿಲ್ಲ. ಕಾಯಿಸಬೇಕಾದ್ದು ಸೋಲ್ಡರನ್ನಲ್ಲ, ಕಾಲನ್ನು ಮತ್ತು ಬೋರ್ಡಿನ ತಾಮ್ರವನ್ನು. ಐರನ್ನಿನ ಮೂತಿ ಎರಡಕ್ಕೂ ತಾಗುವಂತೆ ಹಿಡಿದು, ಒಂದು ಎರಡು ಎಣಿಸಿ, ಸೋಲ್ಡರ್ ತಂತಿಯನ್ನು ಎದುರು ಬದಿಯಿಂದ ಕಾಲಿಗೆ ಮುಟ್ಟಿಸಿ. ತವರ ಶೇಕಡಾ 63, ಸೀಸ ಶೇಕಡಾ 37 ಇರುವ ಸೋಲ್ಡರ್ 183 ಡಿಗ್ರಿಗೆ ಕರಗುತ್ತದೆ. ಕಾಲು ಸಾಕಷ್ಟು ಕಾದಿದ್ದರೆ ಅದು ತಾನಾಗಿ ಸುತ್ತ ಹರಿದು, ಬುಡ ಅಗಲವಾಗಿ ತುದಿ ಚೂಪಾಗಿ ನಿಲ್ಲುತ್ತದೆ, ಮಿಂಚುತ್ತದೆ. ಮೊದಲು ಸೋಲ್ಡರ್ ತೆಗೆಯಿರಿ, ಆಮೇಲೆ ಐರನ್. ಊದಬೇಡಿ, ಅಲುಗಿಸಬೇಡಿ. ಬೂದು ಬಣ್ಣದ ಗಂಟಾಗಿ ಕೂತರೆ ಅದೇ ಟಿವಿ ರಿಪೇರಿಯವರು ಹೇಳುವ 'ಡ್ರೈ ಸೋಲ್ಡರ್'. ನೋಡಲು ಹಿಡಿದಂತಿರುತ್ತದೆ, ಕರೆಂಟು ಹರಿಯುವುದು ಅದಕ್ಕೆ ಮನಸ್ಸು ಬಂದಾಗ. ಹಿಂದೆ ಟಿವಿಯ ತಲೆಗೆ ಒಂದು ಮೊಟಕಿದರೆ ಚಿತ್ರ ಸರಿಹೋಗುತ್ತಿತ್ತಲ್ಲ, ಬಹಳ ಸಲ ಕಾರಣ ಇದೇ. ಸೋಲ್ಡರಿನಲ್ಲಿ ಸೀಸ ಇರುವುದರಿಂದ ಕೆಲಸ ಮುಗಿಸಿ ಕೈ ತೊಳೆಯದೆ ತಿಂಡಿಗೆ ಕೂರಬಾರದು. ಕಿಟಕಿ ತೆರೆದಿರಲಿ.

ಮನೆಯಲ್ಲೇ ಏನಾದರೂ ಮಾಡಿ ನೋಡುವ ಹುಚ್ಚು ಈ ನೆಲಕ್ಕೆ ಹೊಸದಲ್ಲ. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ.ವಿ. ಗೋಪಾಲಸ್ವಾಮಿ 1935ರ ಸೆಪ್ಟೆಂಬರಿನಲ್ಲಿ ತಮ್ಮ ಮನೆ 'ವಿಠ್ಠಲ ವಿಹಾರ'ದಿಂದ 30 ವ್ಯಾಟಿನ ಪುಟ್ಟ ಪ್ರೇಷಕದಲ್ಲಿ ಬಾನುಲಿ ಪ್ರಸಾರ ಆರಂಭಿಸಿದರು. ಸಂಜೆ ಹೊತ್ತು ಓದುವ ಕೋಣೆಯಲ್ಲಿ ಉರಿಸುತ್ತಿದ್ದ ಬಲ್ಬೇ ಅದಕ್ಕಿಂತ ಹೆಚ್ಚು ವಿದ್ಯುತ್ ತಿನ್ನುತ್ತಿತ್ತೇನೋ! ಆ ನಿಲಯಕ್ಕಿಟ್ಟ ಹೆಸರೇ ಆಕಾಶವಾಣಿ. 1942ರಲ್ಲಿ ಮೈಸೂರು ಸಂಸ್ಥಾನ ಅದನ್ನು ವಹಿಸಿಕೊಂಡಿತು, 1955ರಲ್ಲಿ ನಿಲಯ ಬೆಂಗಳೂರಿಗೆ ಬಂತು. ಮನಶ್ಶಾಸ್ತ್ರದ ಮೇಷ್ಟ್ರಿಗೆ ಟ್ರಾನ್ಸ್‌ಮಿಟರಿನ ಉಸಾಬರಿ ಯಾಕೆ ಎಂದು ಆಗಲೂ ಯಾರಾದರೂ ಕೇಳಿಯೇ ಇರುತ್ತಾರೆ.

1954ರಲ್ಲಿ ಬೆಂಗಳೂರಿನ ಜಾಲಹಳ್ಳಿಯಲ್ಲಿ ಬಿಇಎಲ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆ ಶುರುವಾಯಿತು. 60ರ ದಶಕದಲ್ಲಿ ಅಲ್ಲಿ ಟ್ರಾನ್ಸಿಸ್ಟರುಗಳೂ ತಯಾರಾಗತೊಡಗಿದವು. 1969ರಲ್ಲಿ ದೆಹಲಿಯಿಂದ 'ಎಲೆಕ್ಟ್ರಾನಿಕ್ಸ್ ಫಾರ್ ಯೂ' ಪತ್ರಿಕೆ ಹೊರಟಿತು. ಅದರಲ್ಲಿ ಬರುತ್ತಿದ್ದ ಸರ್ಕ್ಯೂಟ್ ನೋಡಿ ರೇಡಿಯೊ ಕಟ್ಟಿದವರು ಇಂದು ಅಜ್ಜಂದಿರು. ಆ ಕಾಲದ ಮೊದಲ ಪಾಠ ಕ್ರಿಸ್ಟಲ್ ರೇಡಿಯೊ: ರಟ್ಟಿನ ಕೊಳವೆಗೆ ಸುತ್ತಿದ ಎನಾಮೆಲ್ ತಂತಿ, ಒಂದು ಗ್ಯಾಂಗ್ ಕಂಡೆನ್ಸರ್, ಒಂದು ಜರ್ಮೇನಿಯಂ ಡಯೋಡ್, ಕಿವಿಗೆ ಹೆಡ್‌ಫೋನು, ಮಾಳಿಗೆಯಿಂದ ತೆಂಗಿನ ಮರಕ್ಕೆ ಕಟ್ಟಿದ ಏರಿಯಲ್. ಬ್ಯಾಟರಿಯ ಗೊಡವೆಯೇ ಇಲ್ಲ. ಬೆಂಗಳೂರು ಆಕಾಶವಾಣಿಯ 612 ಕಿಲೋಹರ್ಟ್ಜ್ ಅಲೆಯ ಬಲದಿಂದಲೇ ಕೃಷಿರಂಗ ಕೇಳುತ್ತಿತ್ತು, ಧಾರವಾಡದವರಿಗೆ 765. ಡಯೋಡ್ ಜರ್ಮೇನಿಯಮ್ಮಿನದ್ದೇ ಆಗಬೇಕು, ಏಕೆಂದರೆ ಅದಕ್ಕೆ 0.2, 0.3 ವೋಲ್ಟ್ ಸಾಕು. ಇಂದಿನ ಸಿಲಿಕಾನ್ ಡಯೋಡ್ ಸುಮಾರು 0.6 ವೋಲ್ಟ್ ಇಲ್ಲದೆ ದಾರಿ ಬಿಡುವುದಿಲ್ಲ. ರೇಡಿಯೊ ಇಟ್ಟುಕೊಳ್ಳಲು ಅಂಚೆ ಕಚೇರಿಯಲ್ಲಿ ಲೈಸೆನ್ಸ್ ಶುಲ್ಕ ಕಟ್ಟಬೇಕಾಗಿದ್ದ ಕಾಲ ಅದು.

ನಮ್ಮ ಟ್ಯಾಂಕಿಗೆ ಮರಳೋಣ. ಬಜರ್ ಒಂದೇ ಸಮನೆ ಕೂಗಿದರೆ ಕಿವಿ ಅದಕ್ಕೆ ಒಗ್ಗಿಹೋಗುತ್ತದೆ, ಬಿಟ್ಟು ಬಿಟ್ಟು ಕೂಗಿದರೆ ಮಾತ್ರ ಎಬ್ಬಿಸುತ್ತದೆ. ಅದಕ್ಕೆ ಬೇಕಾದ್ದು 555 ಎಂಬ ಎಂಟು ಕಾಲಿನ ಐಸಿ. ಸ್ವಿಟ್ಜರ್ಲೆಂಡಿನಲ್ಲಿ ಹುಟ್ಟಿ ಅಮೆರಿಕಕ್ಕೆ ಹೋಗಿದ್ದ ಹ್ಯಾನ್ಸ್ ಕ್ಯಾಮೆನ್‌ಜಿಂಡ್ ಎಂಬಾತ 1971ರಲ್ಲಿ ಕ್ಯಾಲಿಫೋರ್ನಿಯಾದ ಸಿಗ್ನೆಟಿಕ್ಸ್ ಕಂಪನಿಗಾಗಿ ಇದನ್ನು ರೂಪಿಸಿದ. ಕಂಪನಿಯ ಕೆಲಸ ಬಿಟ್ಟು ಗುತ್ತಿಗೆಯ ಮೇಲೆ ಮಾಡಿಕೊಟ್ಟದ್ದು. ಮೊದಲ ವಿನ್ಯಾಸಕ್ಕೆ ಒಂಬತ್ತು ಕಾಲು ಬೇಕಿತ್ತು. ಒಂದು ಭಾಗವನ್ನೇ ಕೈಬಿಟ್ಟು ರೆಸಿಸ್ಟರಿನಿಂದ ಕೆಲಸ ಸಾಗಿಸಬಹುದೆಂದು ಹೊಳೆದ ಮೇಲೆ ಎಂಟಕ್ಕೆ ಇಳಿಯಿತು, ಎಂಟು ಕಾಲಿನ ಅಗ್ಗದ ಪೊಟ್ಟಣದಲ್ಲಿ ಕೂತಿತು. ಒಳಗಿನ ಸುಮಾರು ಇಪ್ಪತ್ತೈದು ಟ್ರಾನ್ಸಿಸ್ಟರುಗಳ ನಕ್ಷೆಯನ್ನು ಆತ ಕೈಯಿಂದಲೇ ಕೊರೆದಿದ್ದ. 1972ರಲ್ಲಿ ಮಾರುಕಟ್ಟೆಗೆ ಬಂದ ಅದು ಇಂದಿಗೂ ಎಸ್‌ಪಿ ರೋಡಿನ ಡ್ರಾಯರಿನಲ್ಲಿದೆ. ಅರ್ಧ ಶತಮಾನ ಬದಲಾಗದೆ ಉಳಿದ ಎಲೆಕ್ಟ್ರಾನಿಕ್ ವಸ್ತು ಬೇರೆ ಎಷ್ಟಿವೆ ಹೇಳಿ.

555ಕ್ಕೆ 10 ಕಿಲೋ ಓಮ್, 68 ಕಿಲೋ ಓಮಿನ ಎರಡು ರೆಸಿಸ್ಟರು, 10 ಮೈಕ್ರೋಫ್ಯಾರಡಿನ ಒಂದು ಕೆಪಾಸಿಟರು ಕೊಟ್ಟರೆ ಹೆಚ್ಚುಕಡಿಮೆ ಸೆಕೆಂಡಿಗೊಮ್ಮೆ ಆನ್-ಆಫ್ ಆಗುತ್ತದೆ. ಕೆಪಾಸಿಟರು ತುಂಬುವುದು, ಖಾಲಿಯಾಗುವುದು, ಮತ್ತೆ ತುಂಬುವುದು, ಅಷ್ಟೇ ಅದರ ಲೆಕ್ಕ. ಕೆಪಾಸಿಟರನ್ನು ಇಮ್ಮಡಿ ಮಾಡಿದರೆ ಕೂಗಿನ ನಡುವಿನ ಬಿಡುವೂ ಇಮ್ಮಡಿ. ಬಜರಿನ ಜಾಗಕ್ಕೆ ಎಲ್‌ಇಡಿ ಹಾಕುವಿರಾದರೆ 470 ಓಮಿನ ರೆಸಿಸ್ಟರನ್ನು ಅದರ ಜೊತೆಗಿಡಿ. ಕೆಂಪು ಎಲ್‌ಇಡಿ ತನಗೆ 2 ವೋಲ್ಟ್ ಇಟ್ಟುಕೊಂಡರೆ ಉಳಿದ 7 ವೋಲ್ಟಿನಿಂದ ಹೆಚ್ಚೆಂದರೆ 15 ಮಿಲಿ ಆಂಪಿಯರ್ ಹರಿಯುತ್ತದೆ. ರೆಸಿಸ್ಟರಿಲ್ಲದೆ ನೇರ ಹಾಕಿದರೆ ಒಂದು ಕ್ಷಣ ಜೋರಾಗಿ ಬೆಳಗಿ ಕಣ್ಣು ಮುಚ್ಚುತ್ತದೆ.

ಇಷ್ಟು ಹೇಳುವಷ್ಟರಲ್ಲಿ ಯಾರಾದರೂ ಕೇಳಿಯೇ ಕೇಳುತ್ತಾರೆ: ಆರ್ಡುಯಿನೋ ಇದೆಯಲ್ಲ, ಇದೆಲ್ಲ ಯಾಕೆ? 2005ರಲ್ಲಿ ಇಟಲಿಯ ಇವ್ರಿಯಾ ಎಂಬ ಊರಿನಲ್ಲಿ, ಎಂಜಿನಿಯರಿಂಗ್ ಓದದ ವಿನ್ಯಾಸದ ವಿದ್ಯಾರ್ಥಿಗಳಿಗಾಗಿ ಹುಟ್ಟಿದ ಬೋರ್ಡು ಅದು. ಅದರ ಊನೋ ಮಾದರಿಯ ಚಿಪ್ಪಿನಲ್ಲಿ ಇರುವುದು 32 ಕಿಲೋಬೈಟ್ ಜಾಗ, 2 ಕಿಲೋಬೈಟ್ ರ‍್ಯಾಮ್. ಮೊಬೈಲಿನಲ್ಲಿ ತೆಗೆದ ಒಂದು ಫೋಟೊ ಹಿಡಿಸುವಷ್ಟೂ ಜಾಗವಿಲ್ಲ, ಆದರೆ ಮನೆಗೆಲಸಕ್ಕೆ ಧಾರಾಳ. 2014ರಲ್ಲಿ ಶಾಂಘೈನ ಕಂಪನಿಯ ಇಎಸ್‌ಪಿ8266 ಬಂದ ಮೇಲಂತೂ ವೈಫೈ ಕೂಡ ಕೆಲವು ನೂರು ರೂಪಾಯಿಯೊಳಗೆ ಸಿಕ್ಕಿತು. ಟ್ಯಾಂಕಿನಲ್ಲಿ ನೀರು ಶೇಕಡಾ ಎಷ್ಟಿದೆ ಎಂದು ಆಫೀಸಿನಲ್ಲಿ ಕೂತು ಫೋನಿನಲ್ಲಿ ನೋಡಬಹುದು. ನೋಡಿ ಏನು ಮಾಡುವಿರಿ ಎಂಬುದು ಬೇರೆ ಮಾತು.

ನನಗೆ ಈ ಬೋರ್ಡುಗಳ ಮೇಲೆ ದ್ವೇಷವಿಲ್ಲ. ಆದರೆ ಮೊದಲ ಡಬ್ಬಿಗೇ ಅವನ್ನು ಹಚ್ಚಿದವರು ಬಹಳ ಸಲ ಎಲೆಕ್ಟ್ರಾನಿಕ್ಸ್ ಬಿಟ್ಟು ಬೇರೆಯವರ ಪ್ರೋಗ್ರಾಂ ನಕಲು ಮಾಡುವುದನ್ನು ಕಲಿಯುತ್ತಾರೆ. ಟ್ಯಾಂಕಿನ ವಿಷಯವನ್ನೇ ನೋಡಿ. ಎಲ್ಲರೂ ತರುವುದು ಎರಡು ಕಣ್ಣಿನ ಎಚ್‌ಸಿ-ಎಸ್‌ಆರ್04 ಸೆನ್ಸರ್. ಅದು 40 ಕಿಲೋಹರ್ಟ್ಜ್ ಶಬ್ದ ಕಳಿಸಿ, ನೀರಿಗೆ ಬಡಿದು ಮರಳುವ ಪ್ರತಿಧ್ವನಿಗೆ ಹಿಡಿದ ಹೊತ್ತಿನಿಂದ ದೂರ ಅಳೆಯುತ್ತದೆ. ಒಂದು ಮೀಟರ್ ಕೆಳಗಿನ ನೀರಿಗೆ ಹೋಗಿಬರಲು ಸುಮಾರು 5.8 ಮಿಲಿಸೆಕೆಂಡ್. ಮೇಜಿನ ಮೇಲೆ ಸೊಗಸಾಗಿ ಅಳೆಯುವ ಈ ಸೆನ್ಸರಿಗೆ ಮುಚ್ಚಿದ ಟ್ಯಾಂಕಿನ ಹಬೆ ಆಗಿಬರುವುದಿಲ್ಲ. ತೇವ ಒಳಗಿಳಿದು ಕಾಲುಗಳು ತುಕ್ಕು ಹಿಡಿದು ಸುಳ್ಳು ಹೇಳತೊಡಗುತ್ತದೆ. ನೀರು ತಡೆಯುವ ಇನ್ನೊಂದು ಮಾದರಿ ಇದೆ, ಅದಕ್ಕೆ ಇಪ್ಪತ್ತು ಇಪ್ಪತ್ತೈದು ಸೆಂಟಿಮೀಟರಿಗಿಂತ ಹತ್ತಿರದ್ದು ಕಾಣುವುದಿಲ್ಲ. ನಮಗೆ ಬೇಕಿದ್ದದ್ದೋ ತುಂಬಿ ತುಳುಕುವ ಕೊನೆಯ ನಾಲ್ಕು ಬೆರಳು! ಎರಡು ಇಂಗಾಲದ ಕಡ್ಡಿಗಳು ಮಾಡುವ ಕೆಲಸಕ್ಕೆ ಇಷ್ಟೆಲ್ಲ ಸಂಭ್ರಮ ಯಾಕೆ? ಟ್ಯಾಂಕಿನ ಮಟ್ಟ, ಸಂಪಿನ ಮಟ್ಟ, ಕಾವೇರಿ ನೀರು ಬಿಡುವ ದಿನ, ಇಷ್ಟನ್ನೂ ಕೂಡಿಸಿ ತೀರ್ಮಾನ ಮಾಡಬೇಕಾದ ದಿನ ಆರ್ಡುಯಿನೋ ತನ್ನಿ. ಆಗ ಅದರ ಬೆಲೆ ತಿಳಿಯುತ್ತದೆ.

ಅಲಾರಂ ಆದ ಮೇಲೆ ಮನಸ್ಸು ಸುಮ್ಮನಿರುವುದಿಲ್ಲ. ಕೂಗುವ ಬದಲು ಅದೇ ಮೋಟರ್ ನಿಲ್ಲಿಸಲಿ ಅನ್ನಿಸುತ್ತದೆ. ಇಲ್ಲಿ ಸ್ವಲ್ಪ ನಿಲ್ಲಬೇಕು. 9 ವೋಲ್ಟಿನ ಲೋಕ ಬೇರೆ, 230 ವೋಲ್ಟಿನ ಲೋಕ ಬೇರೆ. ನಡುವಿನ ಸೇತುವೆ ರಿಲೇ. ಅದರ ಒಳಗಿನ ಸುರುಳಿಗೆ ಕರೆಂಟು ಕೊಟ್ಟರೆ ಕಾಂತವಾಗಿ ಇನ್ನೊಂದು ಸ್ವಿಚ್ಚನ್ನು ಎಳೆಯುತ್ತದೆ. ಸುರುಳಿಯ ಕರೆಂಟು ತಟ್ಟನೆ ನಿಂತಾಗ ಅದು ನೂರಾರು ವೋಲ್ಟಿನ ಒಂದು ಒದೆತವನ್ನು ಹಿಂದಕ್ಕೆ ಕೊಡಬಹುದು, ಬಿಸಿ547 ಅಲ್ಲೇ ಸಾಯುತ್ತದೆ. ಆದ್ದರಿಂದ ಸುರುಳಿಗೆ ಅಡ್ಡಲಾಗಿ 1ಎನ್4007 ಡಯೋಡನ್ನು, ಬೆಳ್ಳಿ ಪಟ್ಟಿ ಪ್ಲಸ್ ಕಡೆಗಿರುವಂತೆ, ಹಾಕುವುದು ಕಡ್ಡಾಯ. ಇನ್ನು ಸಣ್ಣ ನೀಲಿ ರಿಲೇಯ ಮೈಮೇಲೆ 10 ಆಂಪಿಯರ್ ಎಂದಿರುತ್ತದೆ. ಒಂದು ಎಚ್‌ಪಿ ಅಂದರೆ 746 ವ್ಯಾಟ್, ಲೆಕ್ಕಕ್ಕೆ ಸಾಲುತ್ತದೆ ಎನ್ನಿಸುತ್ತದೆ. ಆದರೆ ಮೋಟರ್ ಏಳುವ ಗಳಿಗೆಯಲ್ಲಿ ಅದರ ಹಲವು ಪಟ್ಟು ಎಳೆಯುತ್ತದೆ. ರಿಲೇಯ ನಾಲಗೆ ಬೆಸೆದುಕೊಂಡು ಮೋಟರ್ ನಿಲ್ಲುವುದೇ ಇಲ್ಲ. ನೀಲಿ ರಿಲೇ ದೊಡ್ಡ ಕಾಂಟ್ಯಾಕ್ಟರನ್ನು ಎಳೆಯಲಿ, ಕಾಂಟ್ಯಾಕ್ಟರು ಮೋಟರನ್ನು ನೋಡಿಕೊಳ್ಳಲಿ. ಆ ಕೊನೆಯ ಜೋಡಣೆಯನ್ನು ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಕೈಯಲ್ಲೇ ಮಾಡಿಸಿ, ಇದರಲ್ಲಿ ಮಾನ ಹೋಗುವುದೇನಿಲ್ಲ.

ಸುಟ್ಟ ಸಿಎಫ್‌ಎಲ್, ಎಲ್‌ಇಡಿ ಬಲ್ಬುಗಳನ್ನು ಬಿಚ್ಚಿ ಬಿಡಿಭಾಗ ಆರಿಸುವವರಿಗೂ ಒಂದು ಮಾತು. 230 ವೋಲ್ಟಿನ ಮೇನ್ಸನ್ನು ನೇರಗೊಳಿಸಿದಾಗ ಕೆಪಾಸಿಟರಿನಲ್ಲಿ ಸುಮಾರು 325 ವೋಲ್ಟ್ ಕೂತಿರುತ್ತದೆ. ಹೋಲ್ಡರಿನಿಂದ ಬಲ್ಬ್ ತೆಗೆದ ಮೇಲೂ ಅದು ಉಳಿದಿರಬಹುದು. ಬಿಚ್ಚುವ ಮೊದಲು ಸಾಕಷ್ಟು ಹೊತ್ತು ಬಿಡಿ, ಮಲ್ಟಿಮೀಟರಿನಲ್ಲಿ ನೋಡಿ, ಆಮೇಲೆ ಕೈ ಹಾಕಿ. ಸೊಳ್ಳೆ ಬ್ಯಾಟಿನ ವಿಷಯದಲ್ಲಿ ಇದು ದುಪ್ಪಟ್ಟು ನಿಜ.

ಪಂಪ್‌ಸೆಟ್ಟಿನ ಮಾತು ಬಂದರೆ ನಮ್ಮ ರೈತರು ಯಾವ ಹವ್ಯಾಸಿಗೂ ಕಮ್ಮಿಯಿಲ್ಲ. ತ್ರೀ ಫೇಸ್ ಕರೆಂಟು ಬರುವುದು ನಡುರಾತ್ರಿ, ತೋಟ ಇರುವುದು ಊರಾಚೆ, ದಾರಿಯಲ್ಲಿ ಹಾವು, ಕರಡಿ. ಕರೆಂಟು ಬಂದೊಡನೆ ತಾನಾಗಿ ಹಚ್ಚಿಕೊಳ್ಳುವ ಆಟೋ ಸ್ಟಾರ್ಟರು ಹಳ್ಳಿ ಹಳ್ಳಿಗಳಲ್ಲಿ ನೆಲೆಯಾದದ್ದು ಹೀಗೆ. ಮೊಬೈಲ್ ಬಂದ ಮೇಲೆ ಮನೆಯ ಜಗಲಿಯಿಂದಲೇ ಪಂಪಿಗೆ ಫೋನ್ ಮಾಡುವ ಸ್ಟಾರ್ಟರುಗಳೂ ಬಂದವು. ಅದರ ಹಿಂದಿರುವುದು ಫೋನಿನ ಗುಂಡಿ ಒತ್ತಿದಾಗ ಕೇಳುವ ಜೋಡಿ ಸ್ವರ. 5 ಒತ್ತಿದರೆ 770 ಮತ್ತು 1336 ಹರ್ಟ್ಜಿನ ಎರಡು ಸ್ವರ ಕೂಡಿ ಹೊರಡುತ್ತವೆ. 8870 ಎಂಬ ಐಸಿ ಅವನ್ನು ಕೇಳಿ 5 ಎಂದು ಗುರುತಿಸುತ್ತದೆ. ಇದೇ ಐಸಿ ಇಟ್ಟು ನಮ್ಮ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ವರ್ಷ ವರ್ಷವೂ ಫೈನಲ್ ಇಯರ್ ಪ್ರಾಜೆಕ್ಟುಗಳು ಹುಟ್ಟಿವೆ. ಹುಟ್ಟಿವೆ ಎನ್ನುವುದಕ್ಕಿಂತ, ರೆಡಿಮೇಡ್ ಕೊಂಡು ತಂದವು ಎನ್ನುವುದು ಎಷ್ಟೋ ಸಲ ನಿಜ. ಥರ್ಮೋಕೋಲಿನ ಮೇಲೆ ಪುಟ್ಟ ಪಂಪು ನೀರೆತ್ತುತ್ತದೆ, ವೈವಾ ಮುಗಿಯುತ್ತದೆ, ಬೋರ್ಡು ಗುಜರಿಗೆ. ಹತ್ತನೇ ಕ್ಲಾಸು ದಾಟದ ಮೋಟರ್ ವೈಂಡಿಂಗ್ ಹುಡುಗ ಕಟ್ಟಿದ ಸ್ಟಾರ್ಟರು ಮಾತ್ರ ಮಳೆ, ಇರುವೆ, ಹಲ್ಲಿ, ಏರಿಳಿಯುವ ವೋಲ್ಟೇಜು ಎಲ್ಲವನ್ನೂ ತಡೆದುಕೊಂಡು ಬೇಲಿಯ ಪಕ್ಕದ ಕಂಬದಲ್ಲಿ ನಿಂತಿರುತ್ತದೆ.

ಹೀಗೆ ಕೈಯಿಂದ ಮಾಡಿ ಕಲಿಯುವುದು ಶಾಲೆಗಳಿಗೂ ಬಂದಿದೆ. ನೀತಿ ಆಯೋಗ 2016ರಿಂದ ಅಟಲ್ ಟಿಂಕರಿಂಗ್ ಲ್ಯಾಬುಗಳನ್ನು ಕೊಡುತ್ತಿದೆ, ದೇಶದ ಹತ್ತು ಸಾವಿರ ಶಾಲೆಗಳಲ್ಲಿ ಇವೆ. ಐದು ವರ್ಷದಲ್ಲಿ ಸರ್ಕಾರಿ ಶಾಲೆಗಳಲ್ಲಿ ಇನ್ನೂ ಐವತ್ತು ಸಾವಿರ ಮಾಡುವುದಾಗಿ 2025ರ ಬಜೆಟ್ ಹೇಳಿತು. ಸಾಮಾನಿನ ಕಪಾಟಿಗೆ ಬೀಗ ಹಾಕಿ ಬೀಗದ ಕೈ ಹೆಡ್‌ಮಾಸ್ತರರ ಜೇಬಿನಲ್ಲಿ ಇರದಿದ್ದರೆ ಒಳ್ಳೆಯದೇ ಆಗುತ್ತದೆ.

ಕೈಗೆ ಸಿಕ್ಕಿದ್ದರಲ್ಲಿ ಕೆಲಸ ಮಾಡುವುದಕ್ಕೆ ಇತ್ತೀಚಿನ ನಮ್ಮ ದೇಶದ ದೊಡ್ಡ ಉದಾಹರಣೆ ಹೈದರಾಬಾದಿನ ಅಶ್ಹರ್ ಫರ್ಹಾನ್. ಹ್ಯಾಂ ರೇಡಿಯೊದವರಿಗೆ ಅವರ ಕರೆಗುರುತು ವಿಯು2ಇಎಸ್‌ಇ ಎಂದರೆ ಗೊತ್ತಾಗುತ್ತದೆ. ಲೈಸೆನ್ಸ್ ಪಡೆದ ಹವ್ಯಾಸಿಗಳು ದೇಶ ದೇಶಗಳ ಜೊತೆ ಮಾತಾಡುವ ಸೆಟ್ಟುಗಳು ಇಲ್ಲಿ ಕೈಗೆಟುಕುವಂತಿರಲಿಲ್ಲ. ಕಾಯಿಲ್ ಸುತ್ತುವ ಬಳೆಯಾಕಾರದ ಆಮದು ಟೊರಾಯ್ಡ್ ಸಿಗುತ್ತಿರಲಿಲ್ಲ. ಫರ್ಹಾನ್ 2000ದ ದಶಕದ ಮೊದಲ ಭಾಗದಲ್ಲಿ ಬಿಟ್ಎಕ್ಸ್ ಎಂಬ ಸೆಟ್ಟನ್ನು ರೂಪಿಸಿದಾಗ ಕಾಯಿಲ್ ಸುತ್ತಲು ಬಳಸಿದ್ದು ನಲ್ಲಿಯ ವಾಷರ್. ಹಾರ್ಡ್‌ವೇರ್ ಅಂಗಡಿಯ ವಾಷರ್, ಎಲ್ಲೆಡೆ ಸಿಗುವ ಅಗ್ಗದ ಟ್ರಾನ್ಸಿಸ್ಟರುಗಳು. ಬೇರೆ ಬೇರೆ ದೇಶಗಳ ಹವ್ಯಾಸಿಗಳು ಅದನ್ನು ನೋಡಿ ಕಟ್ಟಿದರು, ಈಗಲೂ ಕಟ್ಟುತ್ತಾರೆ. ಬಾತ್‌ರೂಮಿನ ನಲ್ಲಿ ಸೋರಿದಾಗ ಪ್ಲಂಬರನಿಂದ ಎರಡು ವಾಷರ್ ಹೆಚ್ಚಿಗೆ ಕೇಳಿ ಇಟ್ಟುಕೊಂಡರೆ ನಷ್ಟವಿಲ್ಲ.

ಇನ್ನು ಡಬ್ಬಿ. ಸರ್ಕ್ಯೂಟಿಗೆ ಹೊಂದುವ ಪ್ಲಾಸ್ಟಿಕ್ ಪೆಟ್ಟಿಗೆಗಳು ಮಾರಾಟಕ್ಕಿವೆ, ಒಳಗಿನ ಸಾಮಾನಿಗಿಂತ ಹೆಚ್ಚು ಬೆಲೆ. ಪ್ರಯಾಣಕ್ಕೆಂದು ಕೊಂಡ ಸೋಪಿನ ಡಬ್ಬಿ ಇದಕ್ಕೆ ಹೇಳಿ ಮಾಡಿಸಿದಂತಿದೆ. ಮುಚ್ಚಳ ಬಿಗಿ, ಕೆಳಗೆ ನೀರಿಳಿಯಲು ಮಾಡಿರುವ ತೂತು ವೈರಿಗೆ ಆಯಿತು, ಬಜರಿಗೆ ಕಾದ ಮೊಳೆಯಿಂದ ಇನ್ನೊಂದು ತೂತು ಮಾಡಿದರಾಯಿತು. ಟ್ಯಾಂಕಿನ ಪಕ್ಕ ಇಡಬೇಡಿ, ಬಿಸಿಲಿಗೆ ಬಜರ್ ಹಾಳಾಗುತ್ತದೆ. ಡಬ್ಬಿ ಅಡುಗೆಮನೆಯ ಬಾಗಿಲ ಬಳಿ ಇರಲಿ, ವೈರು ಮಾತ್ರ ಮೇಲಕ್ಕೆ ಹೋಗಲಿ. ಹಳೆಯ ವಾಲ್ವ್ ರೇಡಿಯೊಗಳ ಹಿಂದಿನ ಮುಚ್ಚಳ ತೆಗೆದರೆ ಒಳಗೆ ಸರ್ಕ್ಯೂಟಿನ ಚಿತ್ರ ಅಂಟಿಸಿರುತ್ತಿದ್ದರು, ನೆನಪಿದೆಯೇ? ಹಾಗೆಯೇ ಒಂದು ಚೀಟಿಯಲ್ಲಿ ಸರ್ಕ್ಯೂಟ್ ಬರೆದು, ಯಾವ ಬಣ್ಣದ ವೈರು ಎಲ್ಲಿಗೆ ಹೋಗಿದೆ, ಬ್ಯಾಟರಿ ಯಾವ ತಿಂಗಳು ಹಾಕಿದ್ದು ಎಂದು ಗುರುತು ಮಾಡಿ, ಮಡಿಸಿ ಮುಚ್ಚಳದೊಳಗೆ ಇಡಿ. ಎರಡು ವರ್ಷದ ಮೇಲೆ ಡಬ್ಬಿ ಕೂಗುವುದನ್ನು ನಿಲ್ಲಿಸಿ, ಎದುರು ಮನೆಯವರು ಮತ್ತೆ ಕೂಗತೊಡಗಿದಾಗ, ಬಿಚ್ಚಿ ನೋಡುವವರು ನೀವಲ್ಲದೆ ನಿಮ್ಮ ಮಗಳೂ ಆಗಿರಬಹುದು.